ಗಿಣತಿ ಬರೆದವನು

“ಮಾವಶಿ, ಇಲ್ಲೆ ಒಂದು ಸಾಲು ಬಿಟ್ಟಾರ.”

ಪೂರ್ವಾ ಇದನ್ನು ಎರಡನೇ ಸಲ ಹೇಳಬೇಕಾಯಿತು. ಶಹಾಪುರದ ಆ ಮನೆಯ ಕೆಳಗೆ ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಮೇಲಿನ ಕೋಣೆಯಲ್ಲಿ ಕೂತವರ ಕಾಲಡಿ ನೆಲ ಸಣ್ಣಗೆ ನಡುಗುತ್ತಿತ್ತು.

“ಯಾರು ಬಿಟ್ಟಾರ?”

“ಕನ್ನಡಕ್ಕ ಮಾಡಿದವ್ರು. ಮೂಲದಾಗ ಹದಿನಾಲ್ಕು ಸಾಲು ಅದಾವ. ಕನ್ನಡದಾಗ ಹದಿಮೂರ ಅದಾವ. ಕಡೀ ಸಾಲು ಇಲ್ಲ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಕನ್ನಡಕ್ಕೆ ಮಾಡಿದವರು ಬಿಂದುಮಾಧವ ಸರ್. ಎಂಟನೇ ಇಯತ್ತೆಯಲ್ಲಿ ನನಗೆ ಇತಿಹಾಸ ಕಲಿಸಿದವರು. ಅಪ್ಪ ಸತ್ತ ವರ್ಷ ನನ್ನನ್ನು ಸಾಲೆ ಬಿಡಿಸಲು ಬಂದ ಕಾಕಾನನ್ನು ಗೇಟಿನಲ್ಲೇ ನಿಲ್ಲಿಸಿ ವಾಪಸು ಕಳಿಸಿದವರು. ಎಂಬತ್ತನಾಲ್ಕರ ವಯಸ್ಸಿನಲ್ಲೂ ಅಲ್ಪವಿರಾಮ ತಪ್ಪಿದರೆ ಸಿಡುಕುವ ಮನುಷ್ಯ ಪೂರ್ತಿ ಒಂದು ಸಾಲು ಬಿಡುವುದೆಂದರೇನು?

“ಅವಸರದಾಗ ಬಿಟ್ಟಿರಬೇಕು,” ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು. ಹಿಂಡಲಗಾ ಜೈಲಿನಲ್ಲಿ ಹದಿನೆಂಟು ವರ್ಷ ಹೆಂಗಸರ ಬ್ಯಾರಕ್ ಕಾದವಳು ನಾನು. ‘ಅವಸರದಾಗ ಆತ್ರಿ’ ಅನ್ನುವ ಮಾತನ್ನು ಎಷ್ಟು ಬಾಯಿಗಳಿಂದ ಕೇಳಿಲ್ಲ.

ಪೂರ್ವಾ ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ವಕೀಲರು ತಂದುಕೊಡುವ ಹಳೇ ಜಮೀನು ಕಾಗದಗಳನ್ನು ಓದಿ ಹೇಳುವುದು ಅವಳ ಕೆಲಸ. ಮೊದಲಿನ ಕಾಲದ ಮರಾಠಿ ಕಾರಕೂನರು ಪೆನ್ನು ಎತ್ತದೆ ಗೀಚುತ್ತಿದ್ದ ಮೋಡಿ ಲಿಪಿ ಈಗ ಊರಿನಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಸರ್‌ಗೆ ಬರುತ್ತದೆ, ಇವಳಿಗೆ ಬರುತ್ತದೆ. ಇವಳು ಇದ್ದಾಳೆಂದು ಸರ್‌ಗೆ ಗೊತ್ತಿರಲಿಲ್ಲ.

“ಓದು.”

“‘ನಾಳೆ ಸಂಜೆಯ ಗಿಣತಿಯನ್ನು ಭರಮಾ ಬರೆಯತಕ್ಕದ್ದು. ನಾನು ಅಕ್ಕಿ ನೋಡಲು ಹಳ್ಳದ ಆಚೆ ಹೋಗುವವನಿದ್ದೇನೆ. ವಾಮನ, ಕಾರಕೂನ.’ ಇಷ್ಟ ಮಾವಶಿ.”

ಕೆಳಗೆ ಒಂದು ಲೂಮ್ ನಿಂತಿತು. ಯಾರೋ ದಾರ ಕಡಿದಿದ್ದಕ್ಕೆ ಬೈಯುತ್ತಿದ್ದರು. ಕನ್ನಡದ ಜೊತೆ ಸರ್ ತಾವೇ ಕೊಟ್ಟಿದ್ದ ಆ ಝೆರಾಕ್ಸ್ ಹಾಳೆಯನ್ನು ನಾನು ಸುಮ್ಮನೆ ನೋಡುತ್ತ ಕೂತೆ.

ಒಂಬತ್ತು ದಿನದಿಂದ ನಾನು ಹುಡುಕುತ್ತಿದ್ದುದು ಈ ಹಾಳೆಯನ್ನಲ್ಲ, ಇದರ ಮುಂದಿನದನ್ನು. ಸರ್ ಮನೆಯ ಟ್ರಂಕಿನಿಂದ ಕಾಣೆಯಾದ ಒಂದೇ ಒಂದು ಹಾಳೆ. ಹುಡುಕಿಕೊಡೆಂದು ನನ್ನನ್ನು ಕರೆದವರೂ ಸರ್. ಅದು ಸಿಕ್ಕರೆ ಸಿದ್ದಕ್ಕನ ಅಪ್ಪ ದ್ರೋಹಿಯಲ್ಲವೆಂದು ಸಾಬೀತಾಗುತ್ತದೆ. ಸಿಗದಿದ್ದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಖಾನಾಪುರದಲ್ಲಿ ಏಳುವ ಸ್ಮಾರಕದ ಕಲ್ಲಿನ ಮೇಲೆ ಹನ್ನೊಂದೇ ಹೆಸರು ಇರುತ್ತವೆ, ಆ ಮುದುಕಿ ಸಾಯುವತನಕ ಫಿತೂರಿಯ ಮಗಳಾಗಿಯೇ ಇರುತ್ತಾಳೆ.

ಸಿದ್ದಕ್ಕನ ಅಪ್ಪ ಭರಮಣ್ಣ ಹೊಸ ಪಲ್ಟನ್ನಿನ ಸಿಪಾಯಿ. ೧೯೪೧ರ ಬೇಸಿಗೆಯಲ್ಲಿ ಬೆಳಗಾವಿಯ ಕ್ಯಾಂಪಿನಲ್ಲಿ ಯುದ್ಧಕ್ಕೆಂದು ತರಾತುರಿಯಲ್ಲಿ ಕಟ್ಟಿದ ಪಲ್ಟನ್ ಅದು. ಹಳಬರು ಹೊಸದು ಹೊಸದು ಅಂತ ಕರೆದು ಆ ಹೆಸರೇ ನಿಂತುಹೋಯಿತು. ಖಾನಾಪುರದ ಸಂತೆಯಲ್ಲಿ ಎದೆ ಅಳೆದು ಆರಿಸಿಕೊಂಡ ಹುಡುಗರು, ಕುರಿ ಕಾಯುವವರು, ಗದ್ದೆ ಮಾಡುವವರು. ಬೂಟು ಹಾಕಿಕೊಂಡು ನಡೆಯುವುದನ್ನು ಕಲಿಯಲಿಕ್ಕೇ ಅವರಿಗೆ ಒಂದು ತಿಂಗಳು ಹಿಡಿಯಿತಂತೆ. ಕಲಿತದ್ದೇ ಹಡಗು ಹತ್ತಿಸಿದರು.

ಸಿಂಗಾಪುರ ಮುಟ್ಟಿ ಸರಿಯಾಗಿ ಗುಂಡು ಹಾರಿಸುವ ಮೊದಲೇ ದೊಡ್ಡ ಸಾಹೇಬರು ಜಪಾನಿಗೆ ಶರಣಾದರು. ಪಲ್ಟನ್ನಿಗೆ ಪಲ್ಟನ್ನೇ ಸೆರೆ. ಆಮೇಲೆ ಇವರಲ್ಲಿ ಅರ್ಧ ಜನ ಆಜಾದ್ ಹಿಂದ್ ಫೌಜು ಸೇರಿ ಬರ್ಮಾದ ಕಾಡಿನಲ್ಲಿ ಇಂಗ್ಲಿಷರ ಮೇಲೆಯೇ ಬಂದೂಕು ತಿರುಗಿಸಿದರು. ಸರಕಾರದ ಪಟ್ಟಿಯಿಂದ ಹೊಸ ಪಲ್ಟನ್ನಿನ ಹೆಸರು ಹೊಡೆದುಹಾಕಿದ್ದು ಅದಕ್ಕೇ.

ನಲವತ್ತೈದರ ಬೇಸಿಗೆಗೆ ಒಂದು ಹಳ್ಳದ ದಂಡೆಯಲ್ಲಿ ಉಳಿದದ್ದು ಖಾನಾಪುರದ ಕಡೆಯ ಹನ್ನೆರಡು ಜನ, ಜೊತೆಗೆ ಒಬ್ಬ ಕಾರಕೂನ. ಹಳ್ಳದ ಆಚೆ ಇಂಗ್ಲಿಷರ ಠಾಣೆ. ಒಂದು ನಸುಕಿನಲ್ಲಿ ಇಂಗ್ಲಿಷರು ಯಾರೋ ಕೈ ಹಿಡಿದು ಕರೆತಂದ ಹಾಗೆ ನೆಟ್ಟಗೆ ಬಂದು ಮುತ್ತಿದರು. ಹನ್ನೊಂದು ಜನ ಅಲ್ಲೇ ಸತ್ತರು. ಗುಡ್ಡದ ಮೇಲೆ ಪಹರೆಗಿದ್ದ ಭರಮಣ್ಣ ಸೆರೆ ಸಿಕ್ಕು ಮರುವರ್ಷ ಊರಿಗೆ ಬಂದ. ಬಂದವನು ಒಬ್ಬನೇ. ಬೇರೆ ಊರಿನ ಕಾರಕೂನ ಏನಾದನೆಂದು ಯಾರೂ ಕೇಳಲಿಲ್ಲ. ದಾರಿ ತೋರಿಸಿದವನು ಯಾರೆಂದು ಊರು ಒಂದೇ ದಿನದಲ್ಲಿ ತೀರ್ಮಾನ ಮಾಡಿತು.

ಅಂದಿನಿಂದ ಆ ಹನ್ನೊಂದು ಮನೆಯವರು ಭರಮಣ್ಣನ ಮನೆಯಲ್ಲಿ ನೀರು ಮುಟ್ಟಿಲ್ಲ. ಹೆಣ್ಣು ಕೊಟ್ಟಿಲ್ಲ, ತಂದಿಲ್ಲ. ಈಗ ಸಿದ್ದಕ್ಕನ ಮೊಮ್ಮಗಳು ಮಾಯಾ ಅದೇ ಹನ್ನೊಂದರಲ್ಲಿ ಒಂದು ಮನೆಯ ಬಾಳೇಶನನ್ನು ಮೆಚ್ಚಿಕೊಂಡು ಎರಡು ವರ್ಷದಿಂದ ಕಾಯುತ್ತಿದ್ದಾಳೆ.

ಹನ್ನೆರಡು ಜನರ ಸಂಜೆಯ ಹಾಜರಿ ಬರೆದಿಡುವ ಗಿಣತಿ ಪುಸ್ತಕವನ್ನು ಭರಮಣ್ಣ ಕಂಬಳಿಯಲ್ಲಿ ಸುತ್ತಿಕೊಂಡು ತಂದಿದ್ದ. ಮೋಡಿ ಅವನಿಗೆ ಓದಲು ಬರುತ್ತಿರಲಿಲ್ಲ. ಪಲ್ಟನ್ನಿನ ಇತಿಹಾಸ ಬರೆಯುತ್ತಿರುವ ಸರ್ ಕೈಗೆ ಅದನ್ನು ಹೋದ ವರ್ಷ ಸಿದ್ದಕ್ಕ ತಾನೇ ಒಯ್ದು ಕೊಟ್ಟಳು. ಬೇಲಿಯನ್ನು ನಂಬಿ ಹೊಲ ಬಿಟ್ಟಂತೆ.

“ಮಾವಶಿ, ಈ ವಾಮನ ಯಾರು?” ಪೂರ್ವಾ ಕೇಳಿದಳು.

“ಗೊತ್ತಿಲ್ಲ,” ಅಂದೆ. ಗೊತ್ತಿತ್ತು. ನಮ್ಮ ಕಡೆ ಮಗನ ಹೆಸರಿನ ನಡುವೆ ಅಪ್ಪನ ಹೆಸರು ಕೂತಿರುತ್ತದೆ. ನನ್ನ ಪ್ರಗತಿಪತ್ರದ ಮೇಲೆ ವರ್ಷಕ್ಕೆ ಮೂರು ಸಲ ಒಂದು ಸಹಿ ಬೀಳುತ್ತಿತ್ತು. ಬಿಂ. ವಾ. ಹುದಲೀಕರ.

ಟಿಳಕವಾಡಿಗೆ ಆಟೋ ಹಿಡಿದೆ. ದಾರಿಯುದ್ದಕ್ಕೂ ನಾನು ಸರ್ ಪರವಾಗಿಯೇ ವಾದ ಮಾಡುತ್ತಿದ್ದೆ. ವಾಮನ ಅನ್ನುವ ಹೆಸರು ಒಬ್ಬರದೇ ಏನು? ಕಣ್ಣು ಮಂಜಾಗಿರಬೇಕು. ಮೊದಲ ರೇಲ್ವೆ ಗೇಟಿನಲ್ಲಿ ಆಟೋ ನಿಂತಾಗ ನನಗೆ ನನ್ನದೇ ಮಾತು ಕೇಳಿ ಹೇಸಿಕೆಯಾಯಿತು. ಮಗ ಕಳ್ಳನಲ್ಲವೆಂದು ಜೈಲಿನ ಬಾಗಿಲಲ್ಲಿ ಅಳುತ್ತಿದ್ದ ತಾಯಂದಿರೂ ಹೀಗೇ ಮಾತಾಡುತ್ತಿದ್ದರು.

ಬಾಗಿಲು ತೆರೆದವಳು ಸೊಸೆ ಸಾನಿಕಾ.

“ಬರ್ರಿ ಅಕ್ಕಾ. ಮಾವನವರು ನಾಳಿನ ಭಾಷಣಾ ಬರೀಲಿಕ್ಕತ್ತಾರ. ಚಹಾ ಇಡ್ತೀನಿ.”

“ಬ್ಯಾಡ ಸಾನಿಕಾ.”

ಸರ್ ಕಿಟಕಿಯ ಹತ್ತಿರ ಮೇಜಿಗೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಅಚ್ಚಾಗಿ ಬಂದ ಪಲ್ಟನ್ನಿನ ಪುಸ್ತಕದ ಕಟ್ಟು. ನಾಳೆ ಕಲ್ಲಿನ ಮುಂದೆ ಅದರ ಬಿಡುಗಡೆ. ಸಮಿತಿಯ ಅಧ್ಯಕ್ಷರೂ ಅವರೇ.

“ಬಾ ಕುಮುದಿನಿ. ಕೂಡು. ಸಿಕ್ತೇನು?”

“ಸಿಕ್ತು ಸರ್. ಒಂದು ಸಾಲು.”

ಝೆರಾಕ್ಸನ್ನು ಅವರ ಭಾಷಣದ ಮೇಲೆ ಇಟ್ಟೆ. ಕೊನೆಯ ಸಾಲಿನ ಕೆಳಗೆ ಪೂರ್ವಾ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಸರ್ ಅದನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಮೋಡಿ ಓದವ್ರು ಇನ್ನೂ ಯಾರರ ಇದ್ದಾರ?”

“ಶಹಾಪುರದಾಗ ಒಬ್ಬಾಕಿ ಇದ್ದಾಳ್ರಿ. ಇಪ್ಪತ್ತಾರು ವರ್ಷ.”

“ನೀ ನನ್ನ ಬರವಣಿಗಿ ತಪಾಸಣಿ ಮಾಡಿಸಿದಿ.”

ಆ ದನಿಯಲ್ಲಿ ನೋವಿತ್ತು. ಒಂದು ಕ್ಷಣ ನಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದೆ ನೋಡಿ. ನಲವತ್ತು ವರ್ಷದ ಚಟ ಅಷ್ಟು ಬೇಗ ಹೋಗುವುದಿಲ್ಲ.

“ಎರಡನೇಯವರ ಕಡೆ ಓದಿಸೂದು ನನ್ನ ರೂಢಿ ಸರ್. ನಿಮ್ಮ ಮ್ಯಾಲ ಸಂಶೇ ಇರಲಿಲ್ಲ. ಈ ಸಾಲು ಯಾಕ ಬಿಟ್ರಿ?”

“ಮಹತ್ವದ್ದಲ್ಲ. ಅಕ್ಕಿ ತರಲಿಕ್ಕೆ ಹೋಗೂ ಮಾತು.”

“ಹಳ್ಳದ ಆಚೆ ಇಂಗ್ಲಿಷರ ಠಾಣೆ ಇತ್ತಂತ ನಿಮ್ಮ ಪುಸ್ತಕದಾಗ ನೀವ ಬರದೀರಿ. ಅಲ್ಲಿ ಅಕ್ಕಿ ಯಾರು ಕೊಡತಿದ್ರು?”

ಸರ್ ಝೆರಾಕ್ಸನ್ನು ಪಕ್ಕಕ್ಕೆ ಸರಿಸಿದರು.

“ವಾಮನ ಯಾರ್ರಿ, ಸರ್?”

“ವಾಮನ ಅನ್ನೋ ಹೆಸರು ಓಣಿಗೆ ನಾಲ್ಕು ಇದ್ದಾವ.”

“ಇದ್ದಾವ. ಆ ನಾಲ್ಕೂ ಮನಿಯವ್ರು ಸಾಲು ಬಿಟ್ಟಿಲ್ಲ.”

ಹೊರಗೆ ಸಾನಿಕಾ ಕುಕ್ಕರ್ ಇಟ್ಟಿದ್ದಳು, ಸೀಟಿ ಹೊಡೆಯಿತು. ಸರ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಅಲ್ಲಿಗೆ ನನಗೆ ಖಾತ್ರಿಯಾಯಿತು. ಕದ್ದ ಹೆಂಗಸರೂ ಸುಳ್ಳು ಹೇಳುವಾಗ ಬಾಗಿಲ ಕಡೆ ನೋಡುತ್ತಿರಲಿಲ್ಲ, ಖರೇ ಹೇಳುವ ಮೊದಲು ನೋಡುತ್ತಿದ್ದರು.

“ನಮ್ಮಪ್ಪ ಪುಣೆಯ ಡಿಪೋದಾಗ ಕಾರಕೂನ ಇದ್ದರು ಅಂತ ನಾ ತಿಳಕೊಂಡಿದ್ದೆ,” ಅಂದರು ಸರ್, ನಿಂತುಕೊಂಡೇ. “ಸಿದ್ದಕ್ಕ ಪುಸ್ತಕ ತಂದುಕೊಟ್ಟ ದಿನ ಮೊದಲನೇ ಹಾಳಿ ತಗದೆ. ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮಪ್ಪನದ. ನನಗ ಎಷ್ಟು ಆನಂದ ಆತು ಗೊತ್ತದೇನು? ನಮ್ಮಪ್ಪ ಫೌಜಿನಾಗ ಇದ್ದರು, ಬರ್ಮಾದಾಗ ಇದ್ದರು. ಇಡೀ ಪುಸ್ತಕ ಓದಿದೆ. ಕಡೀ ಹಾಳಿ ಮಾತ್ರ ಅವರ ಅಕ್ಷರ ಅಲ್ಲ. ಕನ್ನಡ ಅಕ್ಷರ. ಭರಮಣ್ಣಂದು.”

“ಅದಕ್ಕ ಸಿದ್ದಕ್ಕಗ ಫೋನ್ ಮಾಡಿದ್ರಿ.”

“ಅದ ದಿವಸ ಮಾಡಿದೆ. ಆ ಸಂಜೀ ಗಿಣತಿ ನಿಮ್ಮಪ್ಪನ ಬರದಾನ, ಅಂವ ಅಲ್ಲೇ ಇದ್ದ, ಹಳ್ಳ ದಾಟಿಲ್ಲ ಅಂತ ಹೇಳಿದೆ. ಆಕಿ ಅತ್ತಳು. ಫೋನ್ ಇಟ್ಟ ಮ್ಯಾಲ ಎರಡನೇ ಪ್ರಶ್ನೆ ಬಂತು. ಭರಮಣ್ಣ ಯಾಕ ಬರದ? ದಿನಾ ಬರಿಯೂ ಮನುಷ್ಯ ಎಲ್ಲಿ ಹೋಗಿದ್ದ?”

ಆ ಎರಡನೇ ಪ್ರಶ್ನೆಯ ಉತ್ತರ ಅವರಪ್ಪನೇ ಹಿಂದಿನ ಹಾಳೆಯ ಕೆಳಗೆ ಬರೆದಿಟ್ಟಿದ್ದ. ಕಾರಕೂನನ ಬುದ್ಧಿ ಅದು. ಫಿತೂರಿಗೆ ಹೊರಟವನೂ ತನ್ನ ಕೆಲಸ ಯಾರಿಗೆ ವಹಿಸಿ ಹೊರಟಿದ್ದೇನೆಂದು ಬರೆದು ಸಹಿ ಹಾಕದೆ ಹೋಗುವುದಿಲ್ಲ.

“ಆ ಹಾಳಿ ಎಲ್ಲಿ ಐತ್ರಿ?”

ಸರ್ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನ ಮುಂದೆ ಕೂತರು. ಕಾಗದ ಕಟ್ಟುಗಳನ್ನೆಲ್ಲ ಹೊರಗಿಟ್ಟು, ತಳಕ್ಕೆ ಹಾಸಿದ್ದ ಹಳೇ ಪಂಚಾಂಗದ ಹಾಳೆ ಎತ್ತಿ, ಅದರಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ನೆಟ್ಟಗೆ ನನ್ನ ಕೈಗೇ ಕೊಟ್ಟರು.

ಒಂಬತ್ತು ದಿನ. ಕೆಲಸದಾಕೆಯನ್ನು ಅಳಿಸಿದೆ, ಪೇಂಟ್ ಮಾಡಲು ಬಂದವರ ಮನೆಗೆ ಹೋಗಿ ಕೂತೆ, ಹಳೇ ಕಾಗದ ಕೊಳ್ಳುವ ಪ್ರತಿಯೊಂದು ಅಂಗಡಿ ಜಾಲಾಡಿದೆ. ಹಾಳೆ ಟ್ರಂಕು ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ಜೈಲಿಗೆ ಹೊಸದಾಗಿ ಬಂದವಳ ಸೀರೆಯ ಫಾಲ್ ಕೂಡ ಬಿಚ್ಚಿ ನೋಡುತ್ತಿದ್ದ ನಾನು ಗುರುವಿನ ಟ್ರಂಕಿನ ತಳ ನೋಡಲಿಲ್ಲ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದೂ ನನ್ನ ಮೇಲೆ.

“ನನ್ನ ಯಾಕ ಕರದ್ರಿ? ಕಳೀತು ಅಂತ ಹೇಳಿ ಸುಮ್ಮನ ಇರಬಹುದಿತ್ತಲ್ಲ.”

“ಹಾಳಿ ಹುಡುಕಿಸ್ಲಿಲ್ಲ ಅಂದ್ರ ಸಿದ್ದಕ್ಕ ನಂಬತಿರಲಿಲ್ಲ. ಪೊಲೀಸರಿಗೆ ಹೇಳಿದ್ರ ಅವರು ಮೊದಲು ನನ್ನ ಕೇಳತಿದ್ರು.” ಅವರು ನನ್ನ ಮುಖ ನೋಡಲಿಲ್ಲ. “ನೀ ಕೇಳೂದಿಲ್ಲ ಅಂತ ನನಗ ಗೊತ್ತಿತ್ತು.”

 ನನ್ನ ಜಾಣತನಕ್ಕೆ ಕರೆದರೆಂದು ಮೊದಲ ದಿನ ಎಷ್ಟು ಉಬ್ಬಿದ್ದೆ. ಅವರು ಕರೆದದ್ದು ನನ್ನ ಭಕ್ತಿಯನ್ನು.

ಚೀಲದಿಂದ ಹಾಳೆ ತೆಗೆದೆ. ಹಳದಿಯಾಗಿ ಅಂಚು ಮುರುಟಿದ ಕಾಗದ. ದಪ್ಪ ಸೀಸದ ಕಡ್ಡಿಯಿಂದ ಒತ್ತಿ ಒತ್ತಿ ಬರೆದ ಕನ್ನಡ ಅಕ್ಷರ, ಕೆಲವು ತಲೆಕೆಳಗಾಗಿವೆ. ಹನ್ನೊಂದು ಹೆಸರು. ಪ್ರತಿಯೊಂದರ ಮುಂದೆ ಹಾಜರ್. ತಳದಲ್ಲಿ, ಗಿಣತಿ ಬರದಾಂವ ಭರಮಾ.

“ಅದನ್ನ ತೋರಿಸಿದ್ರೂ ಅವರು ಒಪ್ಪೂದಿಲ್ಲ,” ಅಂದರು ಸರ್ ಕುರ್ಚಿಗೆ ಮರಳಿ. “ಎಣಿಸಿ ನೋಡು. ಇದ್ದವರು ಹನ್ನೆರಡು, ಹಾಜರ್ ಹನ್ನೊಂದು. ಭರಮಣ್ಣನ ಹೆಸರ ಮುಂದ ಹಾಜರ್ ಇಲ್ಲ. ಅಂವ ಇರಲಿಲ್ಲ ಅಂತನ ಅವರು ಓದತಾರ.”

“ಸರ್, ನಾ ಹದಿನೆಂಟು ವರ್ಷ ದಿನಾ ಸಂಜೀ ಆರಕ್ಕ ಗಿಣತಿ ತಗದೀನಿ. ಒಂದ ದಿನಾನೂ ನನ್ನ ಹೆಸರು ಬರಕೊಂಡಿಲ್ಲ. ಬರಿಯೂ ಮನುಷ್ಯನ್ನ ಯಾರೂ ಎಣಿಸೂದಿಲ್ಲ. ಅದಕ್ಕ ನಿಮ್ಮಪ್ಪ ದಾಟಿ ಹೋಗಿದ್ದು ಯಾವ ಹಾಳಿಯೊಳಗೂ ಗೈರ್‌ಹಾಜರ್ ಅಂತ ಬರಲಿಲ್ಲ.”

 ಆಮೇಲೆ ಅವರು ತಾವಾಗಿಯೇ ಹೇಳಿದ ಮಾತು ನನ್ನ ಕಿವಿಗೆ ಬೀಳದಿದ್ದರೆ ಚೆನ್ನಾಗಿತ್ತು.

“ಭರಮಣ್ಣ ಒ​ಮ್ಮೆ ನಮ್ಮನಿಗೆ ಬಂದಿದ್ದ. ನಾ ಏಳು ವರ್ಷದವ, ಅಂವ ಯಾರಂತ ಈ ಪುಸ್ತಕ ಓದಿದ ಮ್ಯಾಲ ತಿಳೀತು. ಹೆಗಲ ಮ್ಯಾಲ ಹೊಸಾ ಕಂಬಳಿ. ಕಾರಕೂನ ಸಾಹೇಬರು ಬದುಕಿ ಬಂದಾರಂತ ಕೇಳಿದೆ, ಊರಾಗ ನನ್ನ ಫಿತೂರಿ ಅಂತಾರ, ಸಾಹೇಬರು ಬಂದು ಒಂದು ಮಾತು ಹೇಳಿದ್ರ ಸಾಕು, ನಾ ಅಲ್ಲೇ ಇದ್ದೆ ಅಂತ. ನಮ್ಮಪ್ಪ ಬಾಗಿಲ ಹಿಂದ ನಿಂತು ನನ್ನ ಹೊರಗ ಕಳಿಸಿದರು. ಅಪ್ಪ ಇಲ್ಲ ಅಂತ ಹೇಳು ಅಂದರು. ನಾ ಹೇಳಿದೆ. ಅಂವ ಕಂಬಳಿ ಕಟ್ಟಿ ಮ್ಯಾಲ ಇಟ್ಟು, ಸಾಹೇಬರಿಗೆ ಕೊಡಪಾ ಅಂತ ಹೇಳಿ ಹೋದ.”

“ಕಂಬಳಿ ಏನು ಮಾಡಿದ್ರಿ?”

“ಸಂಧ್ಯಾವಂದನಿಗೆ ಹಾಸಕೋತಿದ್ದರು. ಸಾಯೂತನಕ.”

ನನಗೆ ಅಲ್ಲಿ ಕೂತಿರಲು ಆಗಲಿಲ್ಲ. ಎದ್ದು ಕಿಟಕಿಯ ಬಳಿ ಹೋದೆ. ಈ ಮನುಷ್ಯನ ಪಾದ ಮುಟ್ಟದೆ ನಾನು ಯಾವ ಪರೀಕ್ಷೆಗೂ ಕೂತವಳಲ್ಲ. ಜೈಲಿನ ನೌಕರಿ ಸಿಕ್ಕಾಗ ಮೊದಲ ಪೇಢೆ ಇಲ್ಲಿಗೇ ತಂದಿದ್ದೆ.

“ನಾಳೆ ಇದನ್ನ ನೀವ ಓದ್ರಿ,” ಅಂದೆ, ತಿರುಗದೆ. “ಕಲ್ಲಿನ ಮುಂದ. ನಿಮ್ಮ ಬಾಯಿಲೆ. ನಾ ಓದೂದಕ್ಕಿಂತ ಅದು ಛಲೋ.”

“ನೀ ಮೊದಲು ಸಿದ್ದಕ್ಕಗ ಫೋನ್ ಮಾಡು.”

ಆ ದನಿಯಲ್ಲಿ ಸೋತವನ ದಣಿವಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಸಂತೋಷದಲ್ಲಿ ಬರಲಿಲ್ಲ. ಒಂಬತ್ತು ದಿನದಿಂದ ಆ ಮುದುಕಿಗೆ ಇಲ್ಲ, ಇನ್ನೂ ಇಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ನಂಬರು ಒತ್ತಿದೆ.

ಆ ಕಡೆ ಗದ್ದಲ. ಹೆಂಗಸರ ನಗು, ಪಾತ್ರೆಯ ಸದ್ದು, ಯಾರೋ ಡೊಳ್ಳಿನ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದರು.

“ಯವ್ವಾ, ನೀನಾ,” ಅಂದಳು ಸಿದ್ದಕ್ಕ. ದನಿ ಒಡೆದಿತ್ತು. “ನಮ್ಮನಿಯಾಗ ನೀರ ಕುಡದ್ರವ್ವಾ.”

“ಯಾರು?”

“ಹನ್ನೊಂದೂ ಮನಿಯವ್ರು. ಈಗ ಮಧ್ಯಾನ. ಬಾಳೇಶನ ಅಜ್ಜ ತನ್ನ ಕೈಲೆ ಚರಗಿ ಇಸಗೊಂಡ ಕುಡದ. ಮಾಯಾನ ಮದವಿ ಮುಗಸೂಣು ಅಂದ.”

“ಹೆಂಗ ಒಪ್ಪಿದ್ರು ಸಿದ್ದಕ್ಕಾ?”

ಗದ್ದಲದಿಂದ ದೂರ ನಡೆದಳೆಂದು ತೋರುತ್ತದೆ, ಡೊಳ್ಳಿನ ಸದ್ದು ಸಣ್ಣದಾಯಿತು.

“ತಪ್ಪ ಒಪ್ಪಿಕೊಂಡ್ನಿ.”

“ಯಾರ ತಪ್ಪು?”

“ಅಪ್ಪಂದು. ಹಿರೇರು ಅಂದ್ರು, ತಪ್ಪ ಒಪ್ಪಿ ಭಂಡಾರ ಹಚ್ಚಿಸಿಕೊಂಡ್ರ ಕುಲದಾಗ ಕೂಡಿಸ್ಕೋತೀವಿ ಅಂತ. ಬೀರಪ್ಪನ ಗುಡಿಯಾಗ ಭಂಡಾರ ಮುಟಗ್ಯಾಗ ಹಿಡದ ಹೇಳಿದ್ನವ್ವಾ. ನಮ್ಮಪ್ಪನ ದಾರಿ ತೋರಿಸ್ಯಾನ ಅಂತ.”

 ಬೀರಪ್ಪನ ಅರಿಶಿನದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತನ್ನು ಆ ಜನ ಹಿಂದೆ ತೆಗೆದುಕೊಳ್ಳುವುದಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿದ ಕುರುಬರನ್ನು ನೋಡಿದ್ದೇನೆ. ಭಂಡಾರ ಹಿಡಿದು ಸುಳ್ಳಾಡಿದವರನ್ನು ನೋಡಿಲ್ಲ.

“ಯಾಕ ಹೇಳಿದ್ರಿ? ಒಂದ ದಿನ ತಡೀಬೇಕಿಲ್ಲ?”

“ಏನ ತಡೀಲಿ? ಹಾಳಿ ಇನ್ನ ಸಿಗೂದಿಲ್ಲ ಅಂತ ಸರ್ ಹೇಳ್ಯಾರಂತ. ಬೀರೇಶ ಬಂದ ಹೇಳಿದ. ಯಾರೋ ಸುಟ್ಟಾರಂತ. ಆಯಿ, ಹಾಳಿ ಇಲ್ಲ, ಸಾಕ್ಷಿ ಇಲ್ಲ, ಮಾಯಾನ ಬಾಳೇನರ ಉಳಸು ಅಂದ. ತಪ್ಪ ಒಪ್ಪಿದ್ರ ಸರ್ ಕಲ್ಲಿನ ಮ್ಯಾಲ ಹನ್ನೆರಡನೇ ಹೆಸರ ಕೊರಸ್ತಾರಂತ. ಕ್ಷಮಾ ಮಾಡೇವಿ ಅಂತ ಬರೀತಾರಂತ.”

ನಾನು ತಿರುಗಿ ಸರ್‌ರನ್ನು ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಹಾಳೆಯನ್ನು ಅಷ್ಟು ಸಲೀಸಾಗಿ ಯಾಕೆ ಕೊಟ್ಟರೆಂದು ಆಗ ಗೊತ್ತಾಯಿತು. ಮಧ್ಯಾಹ್ನ ಗುಡಿಯಲ್ಲಿ ಆ ಮಾತು ಹೊರಬಿದ್ದ ಸುದ್ದಿ ಅವರಿಗೆ ಮುಟ್ಟಿತ್ತು. ಅದು ಮುಟ್ಟುವವರೆಗೆ ಮಾತ್ರ ಹಾಳೆ ಬಚ್ಚಿಡಬೇಕಾಗಿತ್ತು.

ಸುಮ್ಮನಿರಬಹುದಿತ್ತು. ಆ ಮನೆಯಲ್ಲಿ ಎಂಬತ್ತು ವರ್ಷದ ಮೇಲೆ ಜನ ಬಂದು ನಗುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಾಯಾಳ ಮದುವೆ ಆಗಿಹೋಗುತ್ತಿತ್ತು. ಆದರೆ ಸರ್ ಹಾಗೆ ಆ ಮುದುಕಿಯಿಂದ ಖರೇ ಮಾತು ಬಚ್ಚಿಡುವುದು ನನ್ನಿಂದ ಆಗಲಿಲ್ಲ.

“ಸಿದ್ದಕ್ಕಾ, ಹಾಳಿ ಸುಟ್ಟಿಲ್ಲ. ನನ್ನ ಕೈಯಾಗ ಐತಿ. ನಿಮ್ಮಪ್ಪ ದಾರಿ ತೋರಿಸಿಲ್ಲ.”

 ದೂರದಲ್ಲಿ ಯಾರೋ ಅವಳನ್ನು ಚಹಾಕ್ಕೆ ಕರೆಯುತ್ತಿದ್ದರು.

“ಖರೇ?”

“ಖರೇ.”

“ಅಪ್ಪನ ಅಕ್ಷರ ಐತೇನ?”

“ಐತಿ.”

“ಓದ.”

ಓದಿದೆ. ಹನ್ನೊಂದು ಹೆಸರು, ಹನ್ನೊಂದು ಹಾಜರ್. ಒಂದೊಂದು ಹೆಸರಿಗೂ ಅವಳು ಹೂಂ ಅನ್ನುತ್ತಿದ್ದಳು. ಆ ಮನೆಯವರೆಲ್ಲ ಅವಳ ಅಂಗಳದಲ್ಲೇ ಕೂತಿದ್ದರು. ಕೊನೆಗೆ ‘ಗಿಣತಿ ಬರದಾಂವ ಭರಮಾ’ ಎಂದು ಓದಿ ನಿಲ್ಲಿಸಿದೆ.

“ಊರ ಅಂದಿದ್ದಕ್ಕ ಅಪ್ಪ ಅಳಲಿಲ್ಲವ್ವಾ,” ಅಂದಳು ಸಿದ್ದಕ್ಕ. “ಇವತ್ತ ನಾ ಅಂದ್ನಿ. ಹೆತ್ತ ಮಗಳ ಅಂದ್ನಿ.”

“ನಿಮಗ ಮೋಸ ಮಾಡ್ಯಾರ. ತಪ್ಪು ನಿಮ್ಮದಲ್ಲ.”

“ಭಂಡಾರ ಹಿಡದದ್ದ ನನ್ನ ಕೈ.” ಅವಳ ಉಸಿರು ಕೇಳುತ್ತಿತ್ತು. “ಯವ್ವಾ, ನಾಳಿ ತಗೊಂಡ ಬಾ. ಎಲ್ಲಾರ ಮುಂದ ಓದ. ಬೀರಪ್ಪ ನನ್ನ ಏನ ಮಾಡ್ತಾನ ಮಾಡ್ಲಿ.”

“ಮಾಯಾನ ಮದವಿ?”

ಅದಕ್ಕೆ ಅವಳು ಉತ್ತರ ಕೊಡುವ ಮೊದಲೇ ಫೋನ್ ಬೇರೆ ಕೈಗೆ ಹೋಯಿತು.

“ಅಕ್ಕಾರ, ನಾನ್ರಿ, ಬೀರೇಶ.”

ಸಿದ್ದಕ್ಕನ ಮೊಮ್ಮಗ. ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ. ಒಂಬತ್ತೂ ದಿನ ಪಾಳಿ ಮುಗಿಸಿ ನನ್ನ ಮನೆಗೆ ಬಂದು ‘ಸಿಕ್ತೇನ್ರಿ ಅಕ್ಕಾರ’ ಎಂದು ಕೇಳಿ ಹೋಗುತ್ತಿದ್ದ.

“ಬೀರೇಶ, ಸರ್ ನಿನಗ ಸುಳ್ಳು ಹೇಳ್ಯಾರ. ಹಾಳಿ ಇಲ್ಲೇ ಐತಿ.”

“ನನಗ ಗೊತ್ತೈತ್ರಿ.”

“ಏನಂದಿ?”

“ಸೋಮವಾರ ಸರ್ ನನಗ ತೋರಿಸ್ಯಾರ. ನಾನ ಕೈಯಾಗ ಹಿಡದು ಓದೀನಿ.”

 ಮಂಗಳವಾರವೂ ಅವನು ಬಂದಿದ್ದ. ಬುಧವಾರವೂ ಬಂದಿದ್ದ. ನಾನು ಇಲ್ಲ ಅಂದಾಗ ಕಣ್ಣಲ್ಲಿ ನೀರು ತಂದುಕೊಂಡಿದ್ದ. ನಾನೇ ಅವನಿಗೆ ಸಮಾಧಾನ ಹೇಳಿ ಭಾಕರಿ ಬಡಿಸಿದ್ದೆ.

“ಗೊತ್ತಿದ್ದೂ ಆಯಿ ಕೈಲೆ ಭಂಡಾರ ಹಿಡಿಸಿದಿ?”

“ಮತ್ತೇನ ಮಾಡ್ಲಿರಿ?” ಅವನು ದನಿ ತಗ್ಗಿಸಿದ್ದ. “ಹಾಳಿ ತೋರಿಸಿದ್ರ ನಮ್ಮ ಮುತ್ಯಾ ಖರೇ ಆಗ್ತಾನ. ಒಪ್ಪೇನಿ. ಆದ್ರ ಎಂಬತ್ತ ವರ್ಷ ನಮಗ ನೀರ ಕೊಡದಿದ್ದ ತಪ್ಪ ಅವರದಾಗ್ತೇತಿ. ತಪ್ಪ ಮಾಡಿದವ್ರು ನಮ್ಮನಿಗೆ ಹೆಣ್ಣ ಕೇಳಾಕ ಬರ್ತಾರೇನ್ರಿ? ಮಾರಿ ತಪ್ಪಿಸಿಕೊಂಡ ಹೋಗ್ತಾರ. ಕ್ಷಮಾ ಮಾಡಾಕ ಎಲ್ಲಾರೂ ಬರ್ತಾರ, ಬೇಡಾಕ ಯಾರೂ ಬರೂದಿಲ್ಲ.”

ಇಪ್ಪತ್ತೆಂಟು ವರ್ಷದ ಹುಡುಗನ ಬಾಯಲ್ಲಿ ಇದು. 

“ನಿಮ್ಮ ಆಯಿ ನನ್ನ ಬಾ ಅಂದಾಳ. ನಾ ಬರ್ತೀನಿ.”

“ಬರ್ರಿ. ಆದ್ರ ನೀವು ಹಾಳಿ ತಗೊಂಡ ಬಂದ್ರ, ಕಲ್ಲಿನ ಮುಂದ ನಮ್ಮ ಆಯಿ ಇರೂದಿಲ್ರಿ.”

“ಎಲ್ಲಿ ಒಯ್ತಿ ಆಕೀನ?”

ಹಿಂದೆ ಸಿದ್ದಕ್ಕನ ದನಿ ಕೇಳಿತು, ‘ಫೋನ ಕೊಡ, ಬೀರ್ಯಾ, ಫೋನ ಕೊಡ ಇಲ್ಲಿ.’ ಆಮೇಲೆ ಏನೋ ಉರುಳಿ ಬಿದ್ದ ಸದ್ದು. ಕರೆ ಕಡಿಯಿತು.

ಮತ್ತೆ ಮಾಡಿದೆ. ಸ್ವಿಚ್ ಆಫ್. ಮತ್ತೊಮ್ಮೆ ಮಾಡಿದೆ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು. ಖಾನಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಾದರೂ ಬೇಕು, ಅಲ್ಲಿಂದ ಅವರ ವಾಡಿಗೆ ಇನ್ನೂ ಅರ್ಧ ತಾಸು.

ಹಾಳೆಯನ್ನು ಚೀಲಕ್ಕೆ ಹಾಕುತ್ತಿದ್ದಾಗ ಮೇಜಿನ ಆ ಕಡೆಯಿಂದ ಸರ್ ಕೈ ಚಾಚಿದರು. ಪರೀಕ್ಷೆಯ ಹೊತ್ತು ಮುಗಿದ ಮೇಲೂ ಬರೆಯುತ್ತಿದ್ದವರ ಹತ್ತಿರ ಅವರು ಹೀಗೇ ಕೈ ಚಾಚಿ ನಿಲ್ಲುತ್ತಿದ್ದರು.

“ಕೊಡು ಕುಮುದಿನಿ,” ಅಂದರು. “ಅದು ಇನ್ನ ಯಾರಿಗೂ ಬ್ಯಾಡಾಗೇದ.”